ಕಾರ್ಯಾಗಾರದಲ್ಲಿ ಗಳಿಸುವ ಕಾಲೇಜು ಕ್ರೆಡಿಟ್

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರೌಢಶಾಲೆ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ವ್ಯಾಸಂಗ; ಅದು ಮುಗಿದ ಮೇಲಷ್ಟೇ ಕಾಲೇಜು ಎಂಬುದು ಬಹುಕಾಲ ಯಾರೂ ಪ್ರಶ್ನಿಸದೆ ನಡೆದುಬಂದ ಕ್ರಮ. ಕಳೆದ ನಾಲ್ಕು ದಶಕಗಳಲ್ಲಿ ಈ ಎರಡು ಹಂತಗಳ ನಡುವಿನ ಗೆರೆ ಸಡಿಲಗೊಂಡಿದ್ದು, ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠವೊಂದನ್ನು ಕಲಿತು, ಅದರಲ್ಲಿ ತೇರ್ಗಡೆಯಾಗಿ, ಆ ಗಳಿಕೆಯನ್ನು ಮುಂದಿನ ಪದವಿಯ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುವ ಏರ್ಪಾಡು ಆ ದೇಶದಲ್ಲೆಲ್ಲ ಹಬ್ಬಿದೆ. 2022-23ರ ಶೈಕ್ಷಣಿಕ ವರ್ಷದಲ್ಲಿ ಸುಮಾರು 25 ಲಕ್ಷ ಪ್ರೌಢಶಾಲಾ ವಿದ್ಯಾರ್ಥಿಗಳು ಇಂತಹ ಒಂದು ಪಾಠಕ್ಕಾದರೂ ಹೆಸರು ನೋಂದಾಯಿಸಿದ್ದರು; ಎರಡು ವರ್ಷಗಳ ಪದವಿ ನೀಡುವ ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಐವರಿಗೆ ಒಬ್ಬರಂತೆ ಇನ್ನೂ ಪ್ರೌಢಶಾಲೆ ಮುಗಿಸದವರೇ ಇದ್ದಾರೆ. ಗಣಿತ, ಇಂಗ್ಲಿಷ್, ಇತಿಹಾಸಗಳಂತಹ ವಿಷಯಗಳಲ್ಲಿ ಈ ಏರ್ಪಾಡು ತಕ್ಕಮಟ್ಟಿಗೆ ಸರಳವಾಗಿದೆ. ಆದರೆ ವೆಲ್ಡಿಂಗ್, ಯಂತ್ರಕೆಲಸ, ವಾಹನ ದುರಸ್ತಿ, ಶುಶ್ರೂಷೆ, ಕಂಪ್ಯೂಟರ್ ಜಾಲದ ನಿರ್ವಹಣೆ ಮುಂತಾದ ಕಸುಬುಗಳನ್ನು ಕಲಿಸುವ ತಾಂತ್ರಿಕ ಪ್ರೌಢಶಾಲೆಗಳಲ್ಲಿ ಅದು ಹೆಚ್ಚು ತೊಡಕಿನದೂ ಹೌದು, ಹೆಚ್ಚು ಬೆಲೆಯುಳ್ಳದ್ದೂ ಹೌದು; ಏಕೆಂದರೆ ಕೈಗೆಲಸದ ಕಲಿಕೆಯನ್ನು ಉನ್ನತ ಶಿಕ್ಷಣವು ತನ್ನದೆಂದು ಒಪ್ಪಿಕೊಳ್ಳುವುದೇ ಎಂಬ ಹಳೆಯ ಪ್ರಶ್ನೆ ಅಲ್ಲಿ ಪ್ರತಿಯೊಂದು ಕ್ರೆಡಿಟ್ಟಿನ ಹಿಂದೆಯೂ ನಿಂತಿದೆ.

ಕ್ರೆಡಿಟ್ ಎಂಬುದು ಕಲಿಕೆಯನ್ನು ಅಳೆಯುವ ಒಂದು ಮಾನ. ಸುಮಾರು 15 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ತರಗತಿಯ ಹೊರಗೆ ಎರಡು ಗಂಟೆಗಳ ಓದು ಸೇರಿದರೆ ಒಂದು ಕ್ರೆಡಿಟ್ ಆಗುತ್ತದೆ. ಪ್ರಯೋಗಾಲಯ ಅಥವಾ ಕಾರ್ಯಾಗಾರದ ಕೆಲಸವಾದರೆ ಅಷ್ಟೇ ಕ್ರೆಡಿಟ್ಟಿಗೆ ವಾರಕ್ಕೆ ಎರಡು ಮೂರು ಗಂಟೆಗಳು ಬೇಕಾಗುತ್ತವೆ. ಸಾಮಾನ್ಯವಾಗಿ ಒಂದು ಪಾಠಕ್ಕೆ ಮೂರು ಇಲ್ಲವೆ ನಾಲ್ಕು ಕ್ರೆಡಿಟ್, ಎರಡು ವರ್ಷಗಳ ಅಸೋಸಿಯೇಟ್ ಪದವಿಗೆ ಸುಮಾರು 60, ನಾಲ್ಕು ವರ್ಷಗಳ ಬ್ಯಾಚುಲರ್ ಪದವಿಗೆ ಸುಮಾರು 120 ಕ್ರೆಡಿಟ್‌ಗಳು ಬೇಕು. ಈ ಗಂಟೆಯ ಲೆಕ್ಕಕ್ಕೆ ಮೂಲವಾದದ್ದು 20ನೆಯ ಶತಮಾನದ ಆರಂಭದಲ್ಲಿ ಕಾರ್ನೆಗಿ ಪ್ರತಿಷ್ಠಾನವು ಕಾಲೇಜು ಪ್ರಾಧ್ಯಾಪಕರಿಗಾಗಿ ರೂಪಿಸಿದ ಪಿಂಚಣಿ ಯೋಜನೆ. ಯಾವ ಸಂಸ್ಥೆಯನ್ನು ನಿಜವಾದ ಕಾಲೇಜೆಂದು ಎಣಿಸಬೇಕು ಎಂಬ ಪ್ರಶ್ನೆ ಎದುರಾದಾಗ, ತನ್ನ ಪ್ರವೇಶಕ್ಕೆ ಪ್ರೌಢಶಾಲೆಯಲ್ಲಿ ಇಷ್ಟು ಗಂಟೆಗಳ ವ್ಯಾಸಂಗವನ್ನು ಕಡ್ಡಾಯಗೊಳಿಸಿದ ಸಂಸ್ಥೆಯೇ ಕಾಲೇಜು ಎಂಬ ನಿಯಮವನ್ನು ಪ್ರತಿಷ್ಠಾನ ಮಾಡಿತು. ಒಂದು ವಿಷಯದಲ್ಲಿ 120 ಗಂಟೆಗಳ ಪಾಠ ಒಂದು ಘಟಕವೆಂದಾಯಿತು. ಪಿಂಚಣಿಗಾಗಿ ಹುಟ್ಟಿದ ಅಳತೆಗೋಲು ಇಡೀ ದೇಶದ ಶಿಕ್ಷಣವನ್ನು ಅಳೆಯತೊಡಗಿತು. ವಿದ್ಯಾರ್ಥಿಗೆ ಏನು ತಿಳಿದಿದೆ ಎಂಬುದಕ್ಕಿಂತ ಆತ ಎಷ್ಟು ಹೊತ್ತು ತರಗತಿಯಲ್ಲಿ ಕುಳಿತಿದ್ದ ಎಂಬುದನ್ನು ಆಧರಿಸಿದ ಈ ಅಳತೆ ಕಸುಬು ಕಲಿಯುವವರಿಗೆ ಎಂದೂ ಸರಿಯಾಗಿ ಹೊಂದಿಕೊಂಡಿಲ್ಲ. ಬೆಸುಗೆ ಬಿಗಿಯಾಗಿದೆಯೇ ಎಂಬುದನ್ನು ಗಂಟೆಗಳ ಲೆಕ್ಕ ಹೇಳಲಾರದು.

ತಾಂತ್ರಿಕ ಪ್ರೌಢಶಾಲೆಗಳ ಸ್ವರೂಪ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಲವು ಊರುಗಳು ಕೂಡಿ ನಡೆಸುವ ಪ್ರಾದೇಶಿಕ ವೃತ್ತಿ-ತಾಂತ್ರಿಕ ಶಾಲೆಗಳಿದ್ದು, ಅವುಗಳಲ್ಲಿ ವಿದ್ಯಾರ್ಥಿಗಳು ಒಂದು ವಾರ ಗಣಿತ, ವಿಜ್ಞಾನ, ಭಾಷೆಗಳ ತರಗತಿಗಳಲ್ಲಿ, ಮರುವಾರ ಪೂರ್ತಿಯಾಗಿ ಕಾರ್ಯಾಗಾರದಲ್ಲಿ ಕಳೆಯುವ ಪದ್ಧತಿ ಬಹುಮಟ್ಟಿಗೆ ರೂಢಿಯಲ್ಲಿದೆ. ಒಂಬತ್ತನೆಯ ತರಗತಿಯಲ್ಲಿ ಹಲವು ಕಸುಬುಗಳನ್ನು ಒಂದೊಂದಾಗಿ ನೋಡಿ, ಬಳಿಕ ಒಂದನ್ನು ಆರಿಸಿಕೊಳ್ಳುವ ಅವಕಾಶ ಅವರಿಗಿದೆ. ಕನೆಕ್ಟಿಕಟ್ ರಾಜ್ಯದಲ್ಲಿ ತಾಂತ್ರಿಕ ಪ್ರೌಢಶಾಲೆಗಳೆಲ್ಲ ರಾಜ್ಯಮಟ್ಟದ ಒಂದೇ ಆಡಳಿತದ ಅಡಿಯಲ್ಲಿವೆ. ಓಹಾಯೊದಂತಹ ರಾಜ್ಯಗಳಲ್ಲಿ ಅನೇಕ ವಿದ್ಯಾರ್ಥಿಗಳು ತಮ್ಮ ಊರಿನ ಶಾಲೆಯ ಹೆಸರನ್ನೇ ಉಳಿಸಿಕೊಂಡು ಕಸುಬಿನ ಪಾಠಗಳಿಗಾಗಿ ಹತ್ತಿರದ ವೃತ್ತಿಕೇಂದ್ರಕ್ಕೆ ಹೋಗಿ ಬರುತ್ತಾರೆ. ಇಂತಹ ಶಾಲೆಗಳನ್ನು ಓದಿನಲ್ಲಿ ಹಿಂದುಳಿದವರ ತಂಗುದಾಣವೆಂದು ಭಾವಿಸುವುದು ಈಗಿನ ಸ್ಥಿತಿಗೆ ದೂರವಾದ ಮಾತು. ಮ್ಯಾಸಚೂಸೆಟ್ಸಿನ ಹಲವು ತಾಂತ್ರಿಕ ಶಾಲೆಗಳಲ್ಲಿ ಇರುವ ಸೀಟುಗಳಿಗಿಂತ ಅರ್ಜಿಗಳೇ ಹೆಚ್ಚು. 2014ರಲ್ಲಿ ಅಧ್ಯಕ್ಷ ಬರಾಕ್ ಒಬಾಮ ಘಟಿಕೋತ್ಸವ ಭಾಷಣಕ್ಕೆ ಆರಿಸಿಕೊಂಡ ಪ್ರೌಢಶಾಲೆ ವೂಸ್ಟರ್ ನಗರದ ತಾಂತ್ರಿಕ ಪ್ರೌಢಶಾಲೆಯೇ ಆಗಿತ್ತು.

ಆದರೂ ತಾಂತ್ರಿಕ ಶಾಲೆ ಹಿಂದುಳಿದವರಿಗೆ ಎಂಬ ಭಾವನೆಗೆ ಆಳವಾದ ಬೇರುಗಳಿವೆ, ಮತ್ತು ಅವುಗಳನ್ನು ಅರಿಯದೆ ಇಂದಿನ ಕ್ರೆಡಿಟ್ ವ್ಯವಸ್ಥೆಯ ಅಗತ್ಯ ಅರ್ಥವಾಗುವುದಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರ್ಖಾನೆಗಳಿಗೆ ಕುಶಲ ಕಾರ್ಮಿಕರನ್ನು ಒದಗಿಸುವ ಒತ್ತಡ ಬೆಳೆದಾಗ, ಮ್ಯಾಸಚೂಸೆಟ್ಸಿನ ಶಿಕ್ಷಣ ಆಯುಕ್ತರಾಗಿದ್ದ ಡೇವಿಡ್ ಸ್ನೆಡನ್ ಮತ್ತು ಅವರ ಸಹಾಯಕರಾಗಿದ್ದ ಚಾರ್ಲ್ಸ್ ಪ್ರಾಸರ್ ವೃತ್ತಿಶಿಕ್ಷಣಕ್ಕೆ ಬೇರೆಯೇ ಶಾಲೆ, ಬೇರೆಯೇ ಆಡಳಿತ ಬೇಕೆಂದು ವಾದಿಸಿದರು. ತತ್ವಜ್ಞಾನಿ ಜಾನ್ ಡ್ಯೂಯಿ ಇದನ್ನು ವಿರೋಧಿಸಿದರು. ಕೈಗೆಲಸ ಶಾಲೆಯೊಳಗೆ ಬರಬಾರದೆಂಬುದು ಡ್ಯೂಯಿಯವರ ನಿಲುವಾಗಿರಲಿಲ್ಲ. ಕೆಲಸದ ಮೂಲಕವೇ ವಿಜ್ಞಾನ, ಇತಿಹಾಸ, ಸಮಾಜಗಳ ತಿಳಿವು ಬೆಳೆಯಬೇಕೆಂದು ಬಯಸಿದ ಅವರು, ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ದುಡಿಯುವವರು ಮತ್ತು ಯೋಚಿಸುವವರು ಎಂದು ಎರಡು ಸಾಲುಗಳಲ್ಲಿ ನಿಲ್ಲಿಸುವುದು ಪ್ರಜಾಪ್ರಭುತ್ವಕ್ಕೆ ಒಗ್ಗದ ಕ್ರಮವೆಂದು 1915ರಲ್ಲಿ ಸ್ನೆಡನ್ನರೊಡನೆ ನಡೆದ ಬಹಿರಂಗ ಚರ್ಚೆಯಲ್ಲಿ ಸ್ಪಷ್ಟಪಡಿಸಿದರು. ಅದೇ ವರ್ಷಗಳಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡ್ಯೂಯಿಯವರ ಪಾಠಗಳನ್ನು ಕೇಳುತ್ತಿದ್ದವರಲ್ಲಿ ಭೀಮರಾವ್ ಅಂಬೇಡ್ಕರ್ ಒಬ್ಬರಾಗಿದ್ದರು ಎಂಬುದನ್ನು ಭಾರತೀಯ ಓದುಗರು ಇಲ್ಲಿ ನೆನೆಯಬಹುದು. ಆದರೆ 1917ರಲ್ಲಿ ಜಾರಿಗೆ ಬಂದ ಸ್ಮಿತ್-ಹ್ಯೂಸ್ ಕಾಯಿದೆಯಲ್ಲಿ ಗೆದ್ದದ್ದು ಸ್ನೆಡನ್ ಮತ್ತು ಪ್ರಾಸರ್ ಅವರ ವಾದ. ಕೃಷಿ, ಕೈಗಾರಿಕಾ ಕಸುಬು ಮತ್ತು ಗೃಹವಿಜ್ಞಾನಗಳ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ದೊರಕಿತು, ಅದಕ್ಕಾಗಿ ರಾಜ್ಯಗಳಲ್ಲಿ ವೃತ್ತಿಶಿಕ್ಷಣ ಮಂಡಲಿಗಳು ರಚನೆಯಾದವು, ಕಸುಬಿನ ಶಾಲೆಗಳಲ್ಲಿ ಕನಿಷ್ಠ ಅರ್ಧದಷ್ಟು ಸಮಯ ಕಾರ್ಯಾಗಾರದ ಕೆಲಸಕ್ಕೇ ಮೀಸಲಾಗಬೇಕೆಂಬ ನಿಯಮ ಬಂದಿತು. ಹಣ ಬಂದದ್ದು ಒಳ್ಳೆಯದೇ. ಅದರ ಜೊತೆಗೆ ಬಂದ ವಿಭಜನೆ ಮಾತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಉಳಿಯಿತು. ಬಡವರ, ಕಪ್ಪುವರ್ಣೀಯರ, ಹೊಸದಾಗಿ ವಲಸೆ ಬಂದವರ ಮಕ್ಕಳು ಹೆಚ್ಚಾಗಿ ಕಸುಬಿನ ಸಾಲಿಗೆ ಸೇರಿದರು, ಮತ್ತು ಆ ಸಾಲಿನಿಂದ ಕಾಲೇಜಿಗೆ ದಾರಿ ಇರಲಿಲ್ಲ.

ಆ ದಾರಿಯನ್ನು ತೆರೆಯುವ ಪ್ರಯತ್ನ 1980ರ ದಶಕದಲ್ಲಿ ಬಲಗೊಂಡಿತು. ಕಮ್ಯುನಿಟಿ ಕಾಲೇಜುಗಳ ಸಂಘಟನೆಯ ನಾಯಕರಾಗಿದ್ದ ಡೇಲ್ ಪಾರ್ನೆಲ್ 1985ರ ತಮ್ಮ ಪುಸ್ತಕದಲ್ಲಿ, ನಾಲ್ಕು ವರ್ಷಗಳ ಪದವಿಯತ್ತ ಹೊರಟ ಕೆಲವರನ್ನು ಬಿಟ್ಟರೆ ಉಳಿದ ಬಹುಸಂಖ್ಯಾತ ವಿದ್ಯಾರ್ಥಿಗಳನ್ನು ಪ್ರೌಢಶಾಲೆಗಳು ಗೊತ್ತುಗುರಿಯಿಲ್ಲದೆ ಸಾಗಹಾಕುತ್ತಿವೆ ಎಂದು ಆಕ್ಷೇಪಿಸಿ, ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಕಮ್ಯುನಿಟಿ ಕಾಲೇಜಿನ ಎರಡು ವರ್ಷಗಳನ್ನು ಒಂದೇ ಪಠ್ಯಕ್ರಮವಾಗಿ ಹೆಣೆಯಬೇಕೆಂದು ಸೂಚಿಸಿದರು. 1984ರಲ್ಲಿ ಜಾರಿಯಾಗಿದ್ದ ಪರ್ಕಿನ್ಸ್ ವೃತ್ತಿಶಿಕ್ಷಣ ಕಾಯಿದೆಯನ್ನು 1990ರಲ್ಲಿ ಪರಿಷ್ಕರಿಸಿದಾಗ ಈ ಸೂಚನೆಗೆ ಕೇಂದ್ರದ ಹಣ ದೊರಕಿತು. 2006 ಮತ್ತು 2018ರ ಪರಿಷ್ಕರಣೆಗಳು ಪ್ರೌಢಶಾಲೆ ಮತ್ತು ಕಾಲೇಜುಗಳನ್ನು ಕೂಡಿಸುವ ವ್ಯಾಸಂಗಕ್ರಮವನ್ನು ನೆರವಿನ ಷರತ್ತಾಗಿಸಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿದವು.

ಇದಕ್ಕೆ ಸಮಾಂತರವಾಗಿ ಇನ್ನೊಂದು ಧಾರೆ ಬೇರೆ ದಿಕ್ಕಿನಿಂದ ಹರಿದುಬಂದಿತ್ತು. 1955ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯವು ತನ್ನ ಪಾಠಗಳನ್ನು ಪ್ರೌಢಶಾಲೆಗಳಲ್ಲೇ ಕಲಿಸಲು ಆರಂಭಿಸಿತು. ಮರುದಶಕಗಳಲ್ಲಿ ಸಿರಾಕ್ಯೂಸ್ ಮುಂತಾದ ವಿಶ್ವವಿದ್ಯಾಲಯಗಳು ಆ ಹಾದಿಯಲ್ಲಿ ನಡೆದವು. 1985ರಲ್ಲಿ ಮಿನೆಸೊಟ ರಾಜ್ಯವು ಪ್ರೌಢಶಾಲೆಯ ವಿದ್ಯಾರ್ಥಿಗಳು ಸರ್ಕಾರದ ವೆಚ್ಚದಲ್ಲೇ ಕಾಲೇಜಿಗೆ ಹೋಗಿ ಪಾಠ ಕಲಿಯಬಹುದೆಂಬ ಕಾನೂನನ್ನು ಮಾಡಿ ಉಳಿದ ರಾಜ್ಯಗಳಿಗೆ ಮಾದರಿಯಾಯಿತು. ಈ ಧಾರೆ ಮೊದಲು ಉದ್ದೇಶಿಸಿದ್ದು ತರಗತಿಯ ಪಾಠ ಸಾಲದೆನಿಸಿದ ಚುರುಕು ವಿದ್ಯಾರ್ಥಿಗಳನ್ನು. ಕಸುಬು ಕಲಿಯುವವರು ಅದರ ಗಮನದಲ್ಲಿ ಇರಲಿಲ್ಲ. ಎರಡೂ ಧಾರೆಗಳು ಕೂಡಿದಾಗ ಹುಟ್ಟಿದ್ದೇ ಇಂದಿನ ತಾಂತ್ರಿಕ ಪ್ರೌಢಶಾಲೆಯ ಕಾಲೇಜು ಕ್ರೆಡಿಟ್, ಮತ್ತು ಅದರ ತೊಡಕುಗಳಲ್ಲಿ ಬಹುಪಾಲು ಈ ಎರಡು ಧಾರೆಗಳ ನಿಯಮಗಳು ಬೇರೆಯಾಗಿರುವುದರಿಂದ ಹುಟ್ಟಿದವು.

ಈ ನಿಯಮಗಳ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವಿದ್ಯಾರ್ಥಿಗೆ ಲಾಭವಾಗುವುದೂ ನಷ್ಟವಾಗುವುದೂ ಇಲ್ಲಿಯೇ. ವಿದ್ಯಾರ್ಥಿಯು ಪ್ರೌಢಶಾಲೆ ಮತ್ತು ಕಾಲೇಜು ಎರಡರಲ್ಲೂ ಏಕಕಾಲಕ್ಕೆ ದಾಖಲಾಗಿ, ಒಂದೇ ಪಾಠದಿಂದ ಎರಡೂ ಕಡೆ ಕ್ರೆಡಿಟ್ ಪಡೆಯುವುದನ್ನು ಡ್ಯುಯಲ್ ಎನ್‌ರೋಲ್‌ಮೆಂಟ್ ಎನ್ನುತ್ತಾರೆ. ಆ ಪಾಠವನ್ನು ಕಾಲೇಜಿನ ಆವರಣಕ್ಕೆ ಹೋಗಿ ಕಲಿಯಬಹುದು, ಅಥವಾ ಕಾಲೇಜಿನಿಂದ ಅನುಮೋದನೆ ಪಡೆದ ಪ್ರೌಢಶಾಲೆಯ ಅಧ್ಯಾಪಕರೇ ಕಾಲೇಜಿನ ಪಠ್ಯ, ಕಾಲೇಜಿನ ಪರೀಕ್ಷೆಗಳನ್ನು ಅನುಸರಿಸಿ ತಮ್ಮ ಶಾಲೆಯಲ್ಲಿಯೇ ಕಲಿಸಬಹುದು. ಎರಡೂ ಸಂದರ್ಭಗಳಲ್ಲಿ ಸೆಮಿಸ್ಟರ್ ಮುಗಿದ ಕೂಡಲೇ ಕಾಲೇಜಿನ ಅಧಿಕೃತ ಅಂಕಪಟ್ಟಿಯಲ್ಲಿ ಆ ಪಾಠ ದಾಖಲಾಗುತ್ತದೆ. ಇದಕ್ಕಿಂತ ಬೇರೆಯಾದದ್ದು ಆರ್ಟಿಕ್ಯುಲೇಷನ್ ಎಂಬ ಕ್ರಮ. ಇಲ್ಲಿ ಪಾಠ ಪೂರ್ತಿಯಾಗಿ ಪ್ರೌಢಶಾಲೆಯದೇ. ಆದರೆ ಅದರ ವಸ್ತು ತಮ್ಮ ಮೊದಲ ವರ್ಷದ ಪಾಠವೊಂದಕ್ಕೆ ಸಮನಾಗಿದೆ ಎಂದು ಕಾಲೇಜೊಂದು ಶಾಲೆಯೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ. ಶಾಲೆಯಲ್ಲಿ ಎರಡು ವರ್ಷ ವಾಹನ ದುರಸ್ತಿ ಕಲಿತು ನಿಗದಿತ ದರ್ಜೆ ಪಡೆದ ವಿದ್ಯಾರ್ಥಿ ಮುಂದೆ ಅದೇ ಕಾಲೇಜಿಗೆ, ಅದೇ ವಿಭಾಗಕ್ಕೆ, ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಸೇರಿದರೆ ಮಾತ್ರ ಬ್ರೇಕ್ ವ್ಯವಸ್ಥೆಯ ಮೊದಲ ಪಾಠದಿಂದ ಅವನಿಗೆ ವಿನಾಯಿತಿ ಮತ್ತು ಕ್ರೆಡಿಟ್ ದೊರೆಯುತ್ತದೆ. ಕೆಲವು ಕಾಲೇಜುಗಳು ಅಲ್ಲಿ ಮೊದಲು ಒಂದಷ್ಟು ಪಾಠಗಳನ್ನು ಮುಗಿಸಿ ತೋರಿಸಬೇಕೆಂದೂ ಕೇಳುತ್ತವೆ.

ಹೀಗಾಗಿ ಆರ್ಟಿಕ್ಯುಲೇಷನ್ನಿನ ಕ್ರೆಡಿಟ್ ಗಳಿಸಿದ ದಿನವೇ ಕೈಗೆ ಬರುವ ಸಂಪತ್ತಲ್ಲ. ಕೊಡುವವರ ಬಳಿ ಹೋಗಿ ಕೇಳಿ ಪಡೆಯಬೇಕಾದ ವಾಗ್ದಾನ. ವಿದ್ಯಾರ್ಥಿ ಬೇರೆ ಊರಿನ ಕಾಲೇಜಿಗೆ ಸೇರಿದರೆ, ವಿಷಯ ಬದಲಿಸಿದರೆ, ಒಂದೆರಡು ವರ್ಷ ದುಡಿದು ತಡವಾಗಿ ಓದಿಗೆ ಮರಳಿದರೆ, ಅಥವಾ ಅಂತಹ ಒಪ್ಪಂದವಿದೆ ಎಂಬುದೇ ಪ್ರವೇಶದ ಹೊತ್ತಿಗೆ ಮರೆತುಹೋದರೆ ಅದು ಹಾಗೆಯೇ ಉಳಿದುಹೋಗುತ್ತದೆ. ಕಸುಬು ಕಲಿತು ಬೇಗ ದುಡಿಮೆಗೆ ಇಳಿಯುವ ಮನೆಗಳ ಮಕ್ಕಳೇ ಈ ಷರತ್ತುಗಳಿಂದ ಹೆಚ್ಚು ಪೆಟ್ಟು ತಿನ್ನುತ್ತಾರೆ. ತಾಂತ್ರಿಕ ಶಾಲೆಗಳಲ್ಲಿ ಈ ಬಗೆಯ ಕ್ರೆಡಿಟ್ ಬಹುಕಾಲ ಮುಖ್ಯವಾಗಿತ್ತು, ಸಾಮಾನ್ಯ ಶಾಲೆಗಳ ವಿದ್ಯಾರ್ಥಿಗಳಿಗೆ ಕೂಡಲೇ ಅಂಕಪಟ್ಟಿಗೆ ಏರುವ ಕ್ರೆಡಿಟ್ ಸಿಗುತ್ತಿತ್ತು ಎಂಬ ಅಂತರದಲ್ಲಿ ಹಳೆಯ ವಿಭಜನೆಯ ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಈ ಅಂತರವನ್ನು ಪೂರ್ತಿಯಾಗಿ ಅಳಿಸಲು ಹೊರಟ ಪ್ರಯೋಗವೆಂದರೆ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ 2011ರಲ್ಲಿ ಆರಂಭವಾದ ಪಿ-ಟೆಕ್ ಶಾಲೆ. ಅದಕ್ಕೆ ಪೂರ್ವಜನೆಂದು ಹೇಳಬಹುದಾದದ್ದು ಅದೇ ನಗರದ ಲಾಗಾರ್ಡಿಯ ಕಮ್ಯುನಿಟಿ ಕಾಲೇಜಿನ ಆವರಣದಲ್ಲಿ 1974ರಲ್ಲಿ ತೆರೆದ ಮಿಡಲ್ ಕಾಲೇಜ್ ಪ್ರೌಢಶಾಲೆ. ಓದು ಬಿಡುವ ಅಂಚಿನಲ್ಲಿದ್ದ ಹದಿಹರೆಯದವರನ್ನು ಕಾಲೇಜಿನ ವಾತಾವರಣದಲ್ಲಿಯೇ ಓದಿಸಿದರೆ ಅವರು ನಿಲ್ಲುತ್ತಾರೆ ಎಂಬುದು ಅದನ್ನು ಕಟ್ಟಿದವರ ನಂಬಿಕೆಯಾಗಿತ್ತು. 2002ರ ಬಳಿಕ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಅರ್ಲಿ ಕಾಲೇಜ್ ಎಂಬ ಹೆಸರಿನಲ್ಲಿ ಇಂತಹ ಶಾಲೆಗಳು ದೇಶದ ಹಲವೆಡೆ ತೆರೆದವು. ಪಿ-ಟೆಕ್ ಈ ಮಾದರಿಗೆ ತಾಂತ್ರಿಕ ಶಿಕ್ಷಣವನ್ನೂ ಉದ್ಯಮವನ್ನೂ ಸೇರಿಸಿತು. ನಗರದ ಶಿಕ್ಷಣ ಇಲಾಖೆ, ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ಮತ್ತು ಐಬಿಎಂ ಕಂಪನಿ ಕೂಡಿ ನಡೆಸಿದ ಈ ಶಾಲೆಗೆ ಪ್ರವೇಶ ಪರೀಕ್ಷೆ ಇರಲಿಲ್ಲ. ಒಂಬತ್ತರಿಂದ ಹದಿನಾಲ್ಕನೆಯ ತರಗತಿ ಎಂದು ಎಣಿಸುವ ಆರು ವರ್ಷಗಳಲ್ಲಿ ವಿದ್ಯಾರ್ಥಿ ಪ್ರೌಢಶಾಲೆಯ ಡಿಪ್ಲೊಮದ ಜೊತೆಗೆ ಕಂಪ್ಯೂಟರ್ ಅಥವಾ ಎಲೆಕ್ಟ್ರೋಮೆಕ್ಯಾನಿಕಲ್ ತಂತ್ರಜ್ಞಾನದಲ್ಲಿ ಅಸೋಸಿಯೇಟ್ ಪದವಿಯನ್ನೂ ಶುಲ್ಕವಿಲ್ಲದೆ ಪಡೆಯುವ ಅವಕಾಶವಿತ್ತು. ಕಂಪನಿಯ ಉದ್ಯೋಗಿಗಳು ಮಾರ್ಗದರ್ಶಕರಾಗಿ ಬಂದರು, ಬೇಸಿಗೆಯಲ್ಲಿ ವೇತನಸಹಿತ ತರಬೇತಿ ದೊರಕಿತು. ಆರು ವರ್ಷವೆಂಬುದು ಗರಿಷ್ಠ ಮಿತಿಯಷ್ಟೇ ಆಗಿದ್ದು, ಮೊದಲ ತಂಡದ ಕೆಲವರು ನಾಲ್ಕೇ ವರ್ಷಗಳಲ್ಲಿ ಎರಡನ್ನೂ ಮುಗಿಸಿದರು. 2013ರಲ್ಲಿ ಅಧ್ಯಕ್ಷ ಒಬಾಮ ಸಂಸತ್ತಿಗೆ ಮಾಡಿದ ವಾರ್ಷಿಕ ಭಾಷಣದಲ್ಲಿ ಈ ಶಾಲೆಯನ್ನು ಹೆಸರಿಸಿದ ಮೇಲೆ ಅದರ ಮಾದರಿ ಬೇರೆ ರಾಜ್ಯಗಳಿಗೂ ಬೇರೆ ದೇಶಗಳಿಗೂ ಹರಡಿತು.

ಪಿ-ಟೆಕ್ಕಿನ ನಿಜವಾದ ಹೊಸತನ ಇರುವುದು ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಅಲ್ಲ. ಬಿಡಿಬಿಡಿಯಾಗಿ ಒಂದೊಂದು ಕ್ರೆಡಿಟ್ ಕೊಡುವುದನ್ನು ಬಿಟ್ಟು, ಯಾವ ಪಾಠದ ನಂತರ ಯಾವ ಪಾಠ, ಅವು ಕೂಡಿ ಯಾವ ಪದವಿಯಾಗುತ್ತವೆ ಎಂಬುದನ್ನು ಮೊದಲ ದಿನವೇ ಕಾಲೇಜು ಮತ್ತು ಶಾಲೆ ಕೂಡಿ ಗೊತ್ತುಮಾಡಿದ್ದರಲ್ಲಿ ಅದು ಇದೆ. ಅಂತಹ ಜೋಡಣೆಯ ಫಲವನ್ನು ಸಂಶೋಧನೆಗಳೂ ತೋರಿಸಿವೆ. ಅರ್ಲಿ ಕಾಲೇಜ್ ಶಾಲೆಗಳಿಗೆ ಲಾಟರಿಯ ಮೂಲಕ ಸೀಟು ಪಡೆದವರನ್ನೂ ಲಾಟರಿಯಲ್ಲಿ ಸೀಟು ಸಿಗದವರನ್ನೂ ಹೋಲಿಸಿ ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಟು ಪಡೆದವರಲ್ಲಿ ಶೇ. 22ರಷ್ಟು ಮಂದಿ ಅಧ್ಯಯನದ ಅವಧಿಯೊಳಗೆ ಕಾಲೇಜು ಪದವಿ ಗಳಿಸಿದ್ದರೆ ಉಳಿದವರಲ್ಲಿ ಆ ಪ್ರಮಾಣ ಶೇ. 2 ಆಗಿತ್ತು. ಲಾಟರಿಯ ಹೋಲಿಕೆಗೆ ವಿಶೇಷ ಬೆಲೆಯಿದೆ. ಚುರುಕು ವಿದ್ಯಾರ್ಥಿಗಳೇ ಇಂತಹ ಶಾಲೆಗಳನ್ನು ಆರಿಸಿಕೊಂಡದ್ದರಿಂದ ಫಲಿತಾಂಶ ಚೆನ್ನಾಗಿ ಬಂದಿರಬಹುದು ಎಂಬ ಸಂದೇಹಕ್ಕೆ ಅಲ್ಲಿ ಆಸ್ಪದ ಕಡಿಮೆ. ಬಿಡಿಪಾಠಗಳ ವಿಷಯದಲ್ಲಿ ಆ ಸಂದೇಹವನ್ನು ಹಾಗೆ ತಳ್ಳಿಹಾಕಲಾಗದು.

ಶುಲ್ಕದ ವಿಚಾರ ರಾಜ್ಯವನ್ನು ಅವಲಂಬಿಸಿದೆ. ಓಹಾಯೊದ ಕಾಲೇಜ್ ಕ್ರೆಡಿಟ್ ಪ್ಲಸ್ ಯೋಜನೆಯಲ್ಲಿ ಸರ್ಕಾರಿ ಶಾಲೆಯ ವಿದ್ಯಾರ್ಥಿ ಸರ್ಕಾರಿ ಕಾಲೇಜಿನ ಪಾಠಕ್ಕೆ ಬೋಧನಾಶುಲ್ಕವನ್ನಾಗಲೀ ಪಠ್ಯಪುಸ್ತಕದ ಬೆಲೆಯನ್ನಾಗಲೀ ಕೊಡಬೇಕಿಲ್ಲ. ಉತ್ತರ ಕ್ಯಾರೊಲಿನದ ಯೋಜನೆಯಲ್ಲಿ ಕಮ್ಯುನಿಟಿ ಕಾಲೇಜಿನ ಬೋಧನಾಶುಲ್ಕ ಮನ್ನಾ ಆಗುತ್ತದೆ ಮತ್ತು ಕಸುಬಿನ ಪಾಠಗಳಿಗೆ ಅಲ್ಲಿ ಪ್ರತ್ಯೇಕ ವ್ಯಾಸಂಗಮಾರ್ಗವೇ ಇದೆ. ಇನ್ನು ಕೆಲವು ರಾಜ್ಯಗಳಲ್ಲಿ ಹೊರೆ ಕುಟುಂಬದ ಮೇಲೆಯೇ ಬೀಳುತ್ತದೆ. ಬಡ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ನೀಡುವ ಪೆಲ್ ಅನುದಾನ ಪ್ರೌಢಶಾಲೆಯಲ್ಲಿರುವವರಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಶುಲ್ಕವಿಲ್ಲದಿದ್ದರೂ ಕಾಲೇಜಿಗೆ ಹೋಗಿಬರುವ ವಾಹನ, ಸುರಕ್ಷಾ ಬೂಟು, ವೆಲ್ಡಿಂಗ್ ಮುಖಕವಚ, ಕೈಸಲಕರಣೆಗಳ ಖರ್ಚು ಉಳಿಯುತ್ತದೆ. ತಾಂತ್ರಿಕ ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕ್ರೆಡಿಟ್ಟಿನ ವರ್ಗಾವಣೆಯದು. ಅಮೆರಿಕದ ಪ್ರತಿಯೊಂದು ಕಾಲೇಜಿಗೂ ಬೇರೆಡೆಯ ಕ್ರೆಡಿಟ್ಟನ್ನು ಒಪ್ಪುವ ಅಥವಾ ತಳ್ಳುವ ಹಕ್ಕು ಬಹುಮಟ್ಟಿಗೆ ಇದೆ. ಪ್ರೌಢಶಾಲೆಯ ಕ್ರೆಡಿಟ್ ಎಂದಷ್ಟೇ ಅಲ್ಲ, ಸಾಮಾನ್ಯವಾಗಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು 2004ರಿಂದ 2009ರ ನಡುವೆ ಸರಾಸರಿ ಶೇ. 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡರೆಂದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜು ಮಾಡಿತು. ತಾಂತ್ರಿಕ ಪಾಠಗಳಿಗೆ ಇದರ ಮೇಲೆ ಇನ್ನೂ ಒಂದು ಅಡ್ಡಿಯಿದೆ. ಕಮ್ಯುನಿಟಿ ಕಾಲೇಜುಗಳ ಅಸೋಸಿಯೇಟ್ ಪದವಿಗಳಲ್ಲಿ ಕಲೆ ಮತ್ತು ವಿಜ್ಞಾನದವು ಮುಂದಿನ ಬ್ಯಾಚುಲರ್ ಪದವಿಗೆ ಮೆಟ್ಟಿಲಾಗುವಂತೆ ರೂಪಿತವಾಗಿವೆ. ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಪದವಿಯ ಗುರಿ ನೇರವಾಗಿ ಉದ್ಯೋಗ. ಕಸುಬಿನ ಕ್ರೆಡಿಟ್‌ಗಳು ಹೆಚ್ಚಾಗಿ ಸೇರುವುದು ಈ ಎರಡನೆಯದಕ್ಕೆ. ಆದ್ದರಿಂದ ತಾಂತ್ರಿಕ ಗಣಿತ ಎಂಬ ಪಾಠದಲ್ಲಿ ಮೂರು ಕ್ರೆಡಿಟ್ ಗಳಿಸಿದ ವಿದ್ಯಾರ್ಥಿ ಮುಂದೆ ಎಂಜಿನಿಯರಿಂಗ್ ಪದವಿಗೆ ಹೊರಟರೆ, ಆ ಪದವಿ ಕೇಳುವ ಬೀಜಗಣಿತ ಮತ್ತು ಕಲನಶಾಸ್ತ್ರದ ಸಾಲಿನಲ್ಲಿ ಅದಕ್ಕೆ ಸ್ಥಾನವಿಲ್ಲವೆಂದು ಆಗ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾಲೇಜು ಕ್ರೆಡಿಟ್ಟನ್ನು ಒಪ್ಪಿತು ಎಂದ ಮಾತ್ರಕ್ಕೆ ಅದು ಪದವಿಯ ಕಡ್ಡಾಯ ಪಾಠವೊಂದರ ಬದಲಿಗೆ ಸಲ್ಲಿತು ಎಂದಾಗುವುದಿಲ್ಲ. ಐಚ್ಛಿಕ ಪಾಠದ ಖಾತೆಯಲ್ಲಿ ಅದು ಸುಮ್ಮನೆ ಕುಳಿತಿರಬಹುದು. ಅಂಕಪಟ್ಟಿಯಲ್ಲಿ 30 ಕ್ರೆಡಿಟ್ ಕಾಣುತ್ತಿದ್ದರೂ ಪದವಿಗೆ ಬೇಕಾದ ಕಾಲ ಒಂದು ಸೆಮಿಸ್ಟರ್ ಕೂಡ ಕಡಿಮೆಯಾಗದಿರಲು ಇದೇ ಕಾರಣ. ಪ್ರಚಾರದ ಕರಪತ್ರಗಳು ಹೇಳುವುದು ಗಳಿಸಿದ ಸಂಖ್ಯೆಯನ್ನು. ವಿದ್ಯಾರ್ಥಿಯ ಬದುಕಿಗೆ ಮುಖ್ಯವಾದದ್ದು ಸಲ್ಲುವ ಸಂಖ್ಯೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಹದಿನಾರು ವರ್ಷದ ಮಗುವಿಗೂ ಅದರ ತಂದೆತಾಯಿಗೂ ಮೊದಲೇ ಬಿಡಿಸಿ ಹೇಳದಿರುವುದು ಆ ವ್ಯವಸ್ಥೆಯ ದೊಡ್ಡ ದೋಷ.

ಓಹಾಯೊ ಮತ್ತು ಫ್ಲಾರಿಡ ರಾಜ್ಯಗಳು ಈ ದೋಷಕ್ಕೆ ರಾಜ್ಯಮಟ್ಟದಲ್ಲಿ ಮದ್ದು ಹುಡುಕಿವೆ. ಒಂದೊಂದು ಶಾಲೆಯೂ ಒಂದೊಂದು ಕಾಲೇಜಿನೊಡನೆ ಪ್ರತ್ಯೇಕವಾಗಿ ಮಾತಾಡಿಕೊಳ್ಳುವ ಬದಲು, ಓಹಾಯೊದಲ್ಲಿ ಶಾಲೆ ಮತ್ತು ಕಾಲೇಜುಗಳ ಅಧ್ಯಾಪಕರು ಕೂಡಿ ಕುಳಿತು ಪ್ರತಿಯೊಂದು ಕಸುಬಿನಲ್ಲೂ ವಿದ್ಯಾರ್ಥಿ ಕಲಿತಿರಬೇಕಾದ ಅಂಶಗಳನ್ನು ಪಟ್ಟಿಮಾಡಿದ್ದಾರೆ. ಅನುಮೋದಿತ ಪಾಠವನ್ನು ಮುಗಿಸಿ ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದವನು ನಿಗದಿತ ಅವಧಿಯೊಳಗೆ ಆ ಪಾಠವಿರುವ ಯಾವುದೇ ಸರ್ಕಾರಿ ಕಾಲೇಜಿಗೆ ಸೇರಿದರೂ ಕ್ರೆಡಿಟ್ ಖಚಿತ. ಫ್ಲಾರಿಡದಲ್ಲಿ ಸರ್ಕಾರಿ ಕಾಲೇಜುಗಳ ಪಾಠಗಳಿಗೆಲ್ಲ ಒಂದೇ ಬಗೆಯ ಸಂಖ್ಯೆಗಳಿವೆ. ಅದರ ಜೊತೆಗೆ ಉದ್ಯಮ ಮನ್ನಣೆ ನೀಡಿದ ಪ್ರಮಾಣಪತ್ರಗಳಿಗೆ, ಅಂದರೆ ಕಂಪ್ಯೂಟರ್ ದುರಸ್ತಿ, ವೆಲ್ಡಿಂಗ್ ಮುಂತಾದವುಗಳಲ್ಲಿ ಸ್ವತಂತ್ರ ಸಂಸ್ಥೆಗಳು ಪರೀಕ್ಷಿಸಿ ಕೊಡುವ ಪತ್ರಗಳಿಗೆ, ಯಾವ ಪದವಿಯಲ್ಲಿ ಎಷ್ಟು ಕ್ರೆಡಿಟ್ ಎಂಬುದನ್ನು ಮೊದಲೇ ಘೋಷಿಸಲಾಗಿದೆ. ಇಲ್ಲಿ ಕಲಿತವನ ಕೌಶಲವೇ ಅಳತೆಯಾಗುವುದರಿಂದ, ಕುಳಿತ ಗಂಟೆಗಳ ಹಳೆಯ ಲೆಕ್ಕಕ್ಕಿಂತ ಇದು ಕಸುಬಿನ ಸ್ವಭಾವಕ್ಕೆ ಹತ್ತಿರವಾಗಿದೆ.

ಪಾಠ ಹೇಳುವವರ ಅರ್ಹತೆಯ ಪ್ರಶ್ನೆಯಲ್ಲಿಯೂ ಎರಡು ಲೋಕಗಳು ಡಿಕ್ಕಿ ಹೊಡೆಯುತ್ತವೆ. ಕಾಲೇಜಿನ ಪಾಠ ಹೇಳುವವರಿಗೆ ಸ್ನಾತಕೋತ್ತರ ಪದವಿಯೂ ಆ ವಿಷಯದಲ್ಲಿ ಕನಿಷ್ಠ 18 ಸ್ನಾತಕೋತ್ತರ ಕ್ರೆಡಿಟ್‌ಗಳೂ ಇರಬೇಕೆಂಬುದು ಮಾನ್ಯತೆ ನೀಡುವ ಮಂಡಲಿಗಳು ಬಹುಕಾಲ ಮುಂದಿಟ್ಟ ಅಳತೆ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ತಾಂತ್ರಿಕ ಶಾಲೆಗೆ ಬಂದ ಯಂತ್ರಕುಶಲಿಯ ಬಳಿ ಅಂತಹ ಪದವಿ ಇರುವುದು ಅಪರೂಪ. ತಾಂತ್ರಿಕ ವಿಷಯಗಳಲ್ಲಿ ಪರೀಕ್ಷಿತ ಅನುಭವವನ್ನು ಪದವಿಗೆ ಸಮನಾಗಿ ಎಣಿಸುವ ಅವಕಾಶವನ್ನು ಮಂಡಲಿಗಳು ಇಟ್ಟಿರುವುದರಿಂದಲೇ ಈ ಶಾಲೆಗಳ ಕಾರ್ಯಾಗಾರಗಳಲ್ಲಿ ಕಾಲೇಜು ಪಾಠ ನಡೆಯಲು ಸಾಧ್ಯವಾಗಿದೆ. ಅನುಭವಕ್ಕೆ ಸಲ್ಲಬೇಕಾದ ಈ ಗೌರವವನ್ನು ವಿನಾಯಿತಿಯೆಂದು ಕರೆಯುವುದು ಸರಿಯಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ. ಎಸ್ಸೆಸ್ಸೆಲ್ಸಿಯ ನಂತರ ಪಿಯುಸಿಗೆ ಹೋದವರು ಓದುವವರು, ಐಟಿಐಗೆ ಹೋದವರು ಓದು ಹತ್ತದವರು ಎಂಬ ಕರ್ನಾಟಕದ ಎಣಿಕೆಯನ್ನು ಜೊತೆಯಲ್ಲೇ ಒಯ್ದ ತಂದೆತಾಯಿಗಳಿಗೆ ಮಗಳು ತಾಂತ್ರಿಕ ಪ್ರೌಢಶಾಲೆಯನ್ನು ಬಯಸುವುದು ಹಿನ್ನಡೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಸರಿಯಾದ ಒಪ್ಪಂದವಿರುವ ಶಾಲೆಯಲ್ಲಿ ಆ ಆಯ್ಕೆ ಎಂಜಿನಿಯರಿಂಗ್ ಪದವಿಯ ಬಾಗಿಲನ್ನು ಮುಚ್ಚುವುದಿಲ್ಲ. ಕರ್ನಾಟಕದಲ್ಲಿಯೂ ಕಸುಬು ಮತ್ತು ಪದವಿಗಳ ನಡುವಿನ ಗೋಡೆ ಪೂರ್ತಿ ಗಟ್ಟಿಯಾಗಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮದ ಎರಡನೆಯ ವರ್ಷಕ್ಕೆ, ಡಿಪ್ಲೊಮ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯುವ ದಾರಿ ಇದೆ. ಆದರೆ ಅಲ್ಲಿ ದೊರೆಯುವುದು ಇಡೀ ವರ್ಷದ ರಿಯಾಯಿತಿ. ಫಿಟ್ಟರ್ ಕಲಿತ ಯಾವ ಪಾಠ ಪದವಿಯ ಯಾವ ಪಾಠಕ್ಕೆ ಸಮ ಎಂಬ ಲೆಕ್ಕವಲ್ಲ. 2023ರಲ್ಲಿ ಪ್ರಕಟವಾದ ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾಶಿಕ್ಷಣ, ವೃತ್ತಿಶಿಕ್ಷಣ, ಉನ್ನತ ಶಿಕ್ಷಣಗಳನ್ನು ಒಂದೇ ಮಾನಕ್ಕೆ ತಂದು, 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40 ಕ್ರೆಡಿಟ್ ಎಂದು ಗೊತ್ತುಮಾಡಿದೆ. ಅವುಗಳನ್ನು ಕೂಡಿಡಲು 2021ರಲ್ಲಿ ನಿಯಮ ರೂಪುಗೊಂಡ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆ. ಕೂಡಿಟ್ಟ ಕ್ರೆಡಿಟ್ಟನ್ನು ಯಾವ ವಿಶ್ವವಿದ್ಯಾಲಯ ಯಾವ ಪಾಠದ ಬದಲಿಗೆ ಒಪ್ಪುತ್ತದೆ ಎಂಬುದನ್ನು ಅಧ್ಯಾಪಕರು ಕುಳಿತು ಪಾಠಪಾಠವಾಗಿ ನಿರ್ಣಯಿಸುವ ಓಹಾಯೊದಂತಹ ಕೆಲಸವಾಗದಿದ್ದರೆ ಖಾತೆಯಲ್ಲಿ ಅಂಕಿ ಬೆಳೆಯುತ್ತದೆ, ಅಷ್ಟೆ.

ಅಮೆರಿಕದಲ್ಲಿ ಹೆಸರು ನೋಂದಾಯಿಸುವ ಮೊದಲು ಕುಟುಂಬವು ಕೇಳಿ ತಿಳಿಯಬೇಕಾದ ಸಂಗತಿಗಳು ಬಹಳ ಇಲ್ಲ, ಆದರೆ ಉತ್ತರ ಬರವಣಿಗೆಯಲ್ಲಿ ಇರಬೇಕು: ಈ ಪಾಠ ಕೂಡಲೇ ಕಾಲೇಜಿನ ಅಂಕಪಟ್ಟಿಗೆ ಏರುವುದೇ ಅಥವಾ ಮುಂದೆ ಸೇರಿದಾಗ ಮಾತ್ರವೇ, ಯಾವ ದರ್ಜೆ ಬೇಕು, ವಿದ್ಯಾರ್ಥಿ ಬಯಸುವ ಪದವಿಯಲ್ಲಿ ಇದು ಯಾವ ಕಡ್ಡಾಯ ಪಾಠದ ಬದಲಿಗೆ ಸಲ್ಲುತ್ತದೆ. ಕಾಲೇಜಿನ ಪಾಠದಲ್ಲಿ ಬಂದ ಕಡಿಮೆ ದರ್ಜೆ ಶಾಶ್ವತ ದಾಖಲೆಯಾಗಿ ಉಳಿದು ಮುಂದಿನ ಆರ್ಥಿಕ ನೆರವಿಗೂ ಅಡ್ಡಬರಬಹುದು. ಬಿಡಬೇಕೆನಿಸಿದ ಪಾಠವನ್ನು ಕಾಲೇಜು ಗೊತ್ತುಮಾಡಿದ ದಿನಾಂಕದೊಳಗೆ ಬಿಡಬೇಕು. ಕಾಲೇಜಿಗೆ ದಾಖಲಾದ ವಿದ್ಯಾರ್ಥಿ ಅಪ್ರಾಪ್ತ ವಯಸ್ಕನಾಗಿದ್ದರೂ ಕೇಂದ್ರದ ಗೋಪ್ಯತಾ ಕಾನೂನಿನ ಪ್ರಕಾರ ಆ ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ತಂದೆತಾಯಿಗಿಂತ ಮೊದಲು ಅವನದು, ಆದ್ದರಿಂದ ಪ್ರಾಧ್ಯಾಪಕರೊಡನೆ ಮಾತಾಡಬೇಕಾದವನೂ ಅವನೇ. ಪ್ರೌಢಶಾಲೆ ಮುಗಿದಾಗ ಶಾಲೆ ಕಳುಹಿಸುವ ಅಂಕಪಟ್ಟಿಯಲ್ಲಿ ಪಾಠದ ಹೆಸರು ಕಂಡರೂ ಅದು ಕಾಲೇಜು ಕ್ರೆಡಿಟ್ಟಿನ ಪುರಾವೆಯಾಗುವುದಿಲ್ಲ. ಕ್ರೆಡಿಟ್ ನೀಡಿದ ಪ್ರತಿಯೊಂದು ಕಾಲೇಜಿನಿಂದಲೂ ಅಧಿಕೃತ ಅಂಕಪಟ್ಟಿಯನ್ನು ಹೊಸ ಕಾಲೇಜಿಗೆ ಕಳುಹಿಸುವಂತೆ ವಿದ್ಯಾರ್ಥಿ ತಾನೇ ಅರ್ಜಿ ಹಾಕಬೇಕು.